ಹೊಲಿಗೆ ಕಂಡವರು ಸುಮ್ಮನಿದ್ದರು

ನಿವೃತ್ತ ಡಾಕ್ಟರನ ಮನೆಗೆ ಹೊಸ ಡಾಕ್ಟರುಗಳು ಸಾಮಾನ್ಯವಾಗಿ ಎರಡು ಕೆಲಸಕ್ಕೆ ಬರುತ್ತಾರೆ. ವರ್ಗಾವಣೆಗೆ ಯಾರನ್ನು ಹಿಡಿಯಬೇಕು ಎಂದು ಕೇಳಲು, ಇಲ್ಲವೇ ತಮ್ಮ ಮದುವೆಯ ಕಾರ್ಡು ಕೊಡಲು. ರೋಗಿಯ ವಿಷಯ ಕೇಳಿಕೊಂಡು ಬಂದವನು ಸಿರವಾರದ ಕಡೆಯ ಒಬ್ಬ ಹುಡುಗ. ಅವನ ಮೇಲಿನ ಪ್ರೀತಿಯಿಂದ ಇದನ್ನು ಬರೆಯುತ್ತಿದ್ದೇನೆ.

"ಸರ್, ಇಪ್ಪತ್ನಾಕು ವರ್ಷದ ಹುಡುಗ. ಬಲಗೈ ಬಲಗಾಲು ಬಿದ್ದಾವ. ಬಿಪಿ ಇಲ್ಲ, ಶುಗರ್ ಇಲ್ಲ. ರಕ್ತ ಆಗ್ಯಾದ, ಸ್ಕ್ಯಾನ್ ಆಗ್ಯಾದ. ಯಾಕಂತ ತಿಳಿವಲ್ದು" ಎಂದ.

"ಅಂಗಿ ಬಿಚ್ಚಿಸಿ ನೋಡಿದ್ಯೇನಪಾ?"

"ಸ್ಕ್ಯಾನ್ ಮಾಡಿಸೀನಲ್ರಿ ಸರ್."

"ಸ್ಕ್ಯಾನ್ ಮಷಿನ್ ಅಂಗಿ ಬಿಚ್ಚಂಗಿಲ್ಲ. ನೀನು ಬಿಚ್ಚಬೇಕು."

ಮುದುಕನಿಗೆ ಅರಳುಮರಳು ಎಂಬ ಮುಖ ಮಾಡಿಕೊಂಡು ಚಹಾ ಕುಡಿದು ಹೋದ. ಮರುದಿನ ಫೋನು ಬಂತು. ರೋಗಿಯ ಎದೆಯ ನಡುವೆ ಉದ್ದಕ್ಕೆ ಒಂದು ಹಳೆಯ ಗಾಯದ ಗೆರೆ ಇದೆ, ಐದನೆಯ ವಯಸ್ಸಿನಲ್ಲಿ ಹೃದಯದ ತೂತು ಮುಚ್ಚಿಸಿದ್ದರಂತೆ, ಅದು ಮುಗಿದ ಕಥೆ ಎಂದುಕೊಂಡು ಯಾರೂ ಹೇಳಿರಲಿಲ್ಲವಂತೆ. "ನಿಮಗ ಹೆಂಗ ಗೊತ್ತಾತ್ರಿ ಸರ್?" ಎಂದು ಕೇಳಿದ. ನನಗೆ ಏನೂ ಗೊತ್ತಾಗಿರಲಿಲ್ಲ. ಇಂಥ ಹೊಲಿಗೆಯನ್ನು ಮನೆಮಂದಿಯೇ ಮುಚ್ಚಿಟ್ಟದ್ದನ್ನು ನಾನು ಒಮ್ಮೆ ನೋಡಿದ್ದೆ, ಅಷ್ಟೇ.

ನನ್ನ ಮೊದಲ ಪೋಸ್ಟಿಂಗ್ ಮಾನ್ವಿಗೆ, ಎಪ್ಪತ್ತರ ದಶಕದ ಆರಂಭದಲ್ಲಿ. ನಮ್ಮಪ್ಪ ಜಾಲಹಳ್ಳಿಯಲ್ಲಿ ಕಲ್ಲು ಒಡೆಯುತ್ತಿದ್ದವನು. ನಮ್ಮ ಕೇರಿಯಿಂದ ಡಾಕ್ಟರಾದ ಮೊದಲ ಹುಡುಗ ನಾನು. ಆ ಕಾಲದಲ್ಲಿ ಸರ್ಕಾರದ ಆರ್ಡರು ಕೈಸೇರಲು ತಿಂಗಳು ಹಿಡಿಯುತ್ತಿತ್ತು, ಆದರೆ ಡಾಕ್ಟರು ಯಾರ ಪೈಕಿ ಎಂಬ ಸುದ್ದಿ ನಾನು ಬಸ್ಸು ಇಳಿಯುವುದಕ್ಕಿಂತ ಮೊದಲೇ ಊರಿಗೆ ತಲುಪಿತ್ತು. ಹಾಗೆಂದು ನನಗೆ ಯಾರೂ ಒಂದು ಒರಟು ಮಾತು ಆಡಲಿಲ್ಲ. ಮಾನ್ವಿಯವರು ಬಹಳ ಮರ್ಯಾದಸ್ಥರು. ತೋಳಿಗೆ ಸೂಜಿ ಚುಚ್ಚಿಸಿಕೊಳ್ಳಲು ಯಾರಿಗೂ ಅಡ್ಡಿ ಇರಲಿಲ್ಲ. ಸೂಜಿಗೆ ಜಾತಿ ಇಲ್ಲ ಎಂದು ಎಲ್ಲರೂ ಒಪ್ಪಿಕೊಂಡಿದ್ದರು.

ತಕರಾರು ಇದ್ದದ್ದು ಎದೆಯದು. ಅಲ್ಲಿನ ಸಾಹುಕಾರರು, ಗಿರಣಿ ಮಾಲೀಕರು, ದೊಡ್ಡ ಒಕ್ಕಲುತನದವರು ಎಲ್ಲರೂ ಶಿವಭಕ್ತರು. ಕೊರಳಲ್ಲಿ ಶಿವದಾರ, ಅದರ ತುದಿಗೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಗಂಡಸರಿಗೂ ಹೆಂಗಸರಿಗೂ ಅದು ತೂಗುವುದು ನಾವು ಸ್ಟೆಥಾಸ್ಕೋಪು ಇಡಬೇಕಾದ ಜಾಗದ ಮೇಲೆಯೇ. ನಾನು ಹತ್ತಿರ ಬಂದರೆ ರೋಗಿ ಕರಡಿಗೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದ. ಜೊತೆಗೆ ಬಂದವರು ನಯವಾಗಿ ಹೇಳುತ್ತಿದ್ದರು: "ಅಂಗಿ ಮ್ಯಾಲಿಂದನs ನೋಡ್ರಿ ಡಾಕ್ಟರ್ರ, ನಿಮಗ ಯಾಕ ತ್ರಾಸ." ಅಂಗಿ, ಅದರೊಳಗೆ ಬನಿಯನ್ನು, ಅದರೊಳಗೆ ಭಕ್ತಿ. ಇವೆಲ್ಲ ದಾಟಿ ಹೃದಯದ ಸದ್ದು ನನ್ನ ಕಿವಿಗೆ ಬರುವಷ್ಟರಲ್ಲಿ ಅದು ಹೃದಯದ್ದೋ ಹಿತ್ತಲಿನ ಎಮ್ಮೆಯದೋ ತಿಳಿಯುತ್ತಿರಲಿಲ್ಲ. ನಾನೊಬ್ಬನೇ ಅಲ್ಲ, ಅವರದೇ ಪೈಕಿಯ ಡಾಕ್ಟರುಗಳೂ ಹೀಗೆಯೇ ನೋಡುತ್ತಿದ್ದರು. ನಾನಾದರೆ ಮುಟ್ಟಬಾರದೆಂದು, ಅವರಾದರೆ ದೊಡ್ಡವರನ್ನು ನಾಚಿಸಬಾರದೆಂದು. ಒಟ್ಟಿನಲ್ಲಿ ಆ ತಾಲ್ಲೂಕಿನಲ್ಲಿ ದೊಡ್ಡ ಮನೆಯವರ ಎದೆಯನ್ನು ಬರಿಗಣ್ಣಿನಿಂದ ನೋಡಿದ ಡಾಕ್ಟರು ಯಾರೂ ಇರಲಿಲ್ಲ.

ಗಿರಿಜೆಯ ಎದೆಯನ್ನು ನೋಡಿದ್ದು ಕಜ್ಜಿಯ ದೆಸೆಯಿಂದ.

ಆಗ ಅವಳಿಗೆ ಏಳೆಂಟು ವರ್ಷ. ತಂದೆ ಸಿದ್ರಾಮಪ್ಪ ಹತ್ತಿ ಜಿನ್ನಿಂಗ್ ಗಿರಣಿಯ ಮಾಲೀಕರು, ಊರಲ್ಲಿ ತೂಕದ ಮನುಷ್ಯ. ಮಗಳಿಗೆ ಮೈತುಂಬ ಕಜ್ಜಿ ಎಂದು ಕರೆತಂದರು. ಕಜ್ಜಿಯನ್ನು ಫ್ರಾಕಿನ ಮೇಲಿಂದ ನೋಡಿ ಎನ್ನಲು ಅವರಿಗೂ ಬಾಯಿ ಬರಲಿಲ್ಲ. ಫ್ರಾಕು ತೆಗೆಸಿದೆ. ಪಕ್ಕೆಲುಬು ಎಣಿಸುವಂತಿದ್ದ ಆ ಸಣ್ಣ ಎದೆ ಸುಮ್ಮನೆ ಕುಳಿತಲ್ಲೇ ಎದ್ದು ಎದ್ದು ಬೀಳುತ್ತಿತ್ತು. ಸ್ಟೆಥಾಸ್ಕೋಪು ಇಟ್ಟೆ. ಇರಬಾರದ ಸದ್ದೊಂದು ಕೇಳಿತು, ಸಡಿಲಾದ ಗಿರಣಿ ಪಟ್ಟಾ ಓಡುವ ಹಾಗೆ.

"ಆಟಾ ಆಡುವಾಗ ದಮ್ಮು ಹತ್ತತದೇನ್ರಿ?"

"ಹತ್ತತದ್ರಿ. ಮೈಗಳ್ಳಿ ಅಂತ ಬೈತೀವಿ" ಎಂದರು ಸಿದ್ರಾಮಪ್ಪ.

ಹೃದಯದ ನಡುಗೋಡೆಯಲ್ಲಿ ತೂತು ಇರಬಹುದು ಎಂದು ಬರೆದು ರಾಯಚೂರಿಗೆ ಕಳಿಸಿದೆ. ಅಲ್ಲಿನ ದೊಡ್ಡ ದವಾಖಾನೆಯಲ್ಲಿ ನಮಗೆಲ್ಲ ಮೇಲಾಗಿದ್ದ ಒಬ್ಬ ಸಾಹೇಬರು ಇದ್ದರು. ಹೆಸರು ಬರೆಯುವುದಿಲ್ಲ. ಸಾಹೇಬರು ಎಂದರೆ ಸಾಕು, ಅವರ ಕಾಲದವರಿಗೆ ತಿಳಿಯುತ್ತದೆ. ಬಹಳ ಓದಿದವರು, ಓದಿದ್ದನ್ನು ಕಾಪಾಡಿಕೊಂಡವರು, ಅದಕ್ಕೆ ಹೊಸದೇನೂ ತಾಗದಂತೆ ನೋಡಿಕೊಂಡವರು. ನನ್ನ ಚೀಟಿ ಓದಿ ಕರೆಕಳಿಸಿದರು. "ತಾಲೂಕಿನ್ಯಾಗ ಇಂಥಾ ಡಯಾಗ್ನೋಸಿಸ್ ಮಾಡಬಾರದ್ರಿ. ತಾಲೂಕಿನ್ಯಾಗ ಜ್ವರ, ಕೆಮ್ಮು, ಬೇಧಿ. ಉಳಿದದ್ದು ನಮ್ಮದು" ಎಂದರು. ಆದರೂ ಹುಡುಗಿಯ ಎದೆಯ ಸದ್ದು ಕೇಳಿದರು, ತಲೆದೂಗಿದರು, ಮದ್ರಾಸ್ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು.

ಸಿದ್ರಾಮಪ್ಪ ಮಗಳನ್ನು ಕರೆದುಕೊಂಡು ರೈಲು ಹತ್ತಿದರು. ಎದೆ ಸೀಳಿ ತೂತು ಹೊಲಿದರು. ತಿಂಗಳೊಪ್ಪತ್ತು ಕಳೆದ ಮೇಲೆ ವಾಪಸು ಬಂದಾಗ ಹುಡುಗಿಗೆ ಕೆನ್ನೆ ಬಂದಿತ್ತು. ಸಿದ್ರಾಮಪ್ಪ ಪೇಡಾದ ಡಬ್ಬಿ ಹಿಡಿದುಕೊಂಡು ನನ್ನ ಕ್ವಾರ್ಟರ್ಸಿಗೆ ಬಂದು, ಒಳಗೆ ಕುರ್ಚಿಯ ಮೇಲೆ ಕುಳಿತು, ನನ್ನ ಹೆಂಡತಿ ಸುಜಾತ ಕೊಟ್ಟ ನೀರು ಕುಡಿದರು. ಅದು ಸಣ್ಣ ಸಂಗತಿ ಎನ್ನುವವರು ಆ ಕಾಲದಲ್ಲಿ ಆ ಊರಿನಲ್ಲಿ ಬದುಕಿದವರಲ್ಲ. ನನಗೆ ಕಣ್ಣು ತುಂಬಿತು.

"ವರ್ಷಕ್ಕೊಮ್ಮಿ ತೋರಸ್ರಿ ಅಂದಾರ, ಮರೀಬ್ಯಾಡ್ರಿ" ಎಂದೆ.

"ಇನ್ಯಾಕ್ರಿ ತೋರ್ಸೋದು? ಗಿರಣಿ ಪಟ್ಟಾ ಹರದ್ರ ಹೊಲಸ್ತೀವಿ. ಹೊಲಿಸಿದ ಮ್ಯಾಲ ಮುಗೀತು."

"ಮುಗೀತಂತ ಬಿಡತೀರೇನ್ರಿ? ದಿನಾ ಮುಂಜಾನಿ ಪಟ್ಟಾ ನೋಡಿ, ಎಣ್ಣಿ ಬಿಟ್ಟು, ಆಮ್ಯಾಲ ಚಾಲೂ ಮಾಡತೀರಲ್ಲ?"

"ಅದು ಮಷಿನ್ರಿ ಡಾಕ್ಟರ್ರ" ಎಂದು ನಕ್ಕರು ಸಿದ್ರಾಮಪ್ಪ. "ಇದು ಮನುಷ್ಯಾ."

ಒಂದೆರಡು ವರ್ಷ ಹೋಗಿಬಂದರು. ಆಮೇಲೆ ನಿಲ್ಲಿಸಿದರು. ಅವರನ್ನೇ ಬೈಯುವ ಹಾಗಿಲ್ಲ. ನಮ್ಮ ವೃತ್ತಿಯಲ್ಲೂ ಆಗ ಬಹಳ ಮಂದಿಯ ನಂಬಿಕೆ ಅದೇ: ತೂತು ಮುಚ್ಚಿತು, ಮಗು ನೆಟ್ಟಗಾಯಿತು. ಹೊಲಿದ ಹೃದಯವೂ ಬೆಳೆಯುತ್ತದೆ, ಆ ಗಾಯದ ಸುತ್ತ ಮುಂದೆ ಬಡಿತದ ಲಯ ತಪ್ಪಬಹುದು, ಲಯ ತಪ್ಪಿದ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪಿನ ಚೂರು ಹಾರಿ ಮಿದುಳಿಗೆ ಹೋಗಿ ಕೂತರೆ ಹರೆಯದಲ್ಲೇ ಲಕ್ವ ಹೊಡೆಯಬಹುದು ಎಂಬುದನ್ನು ಹೇಳುವವರು ಕಡಿಮೆ. ಆಗ ಹೊಲಿಸಿಕೊಂಡ ಮಕ್ಕಳೆಲ್ಲ ಇನ್ನೂ ಮಕ್ಕಳೇ ಆಗಿದ್ದರು, ದೊಡ್ಡವರಾದ ಮೇಲೆ ಏನಾಗುತ್ತದೆ ಎಂದು ನೋಡಲು ಯಾರೂ ದೊಡ್ಡವರಾಗಿರಲಿಲ್ಲ.

ನನ್ನನ್ನು ದೇವದುರ್ಗಕ್ಕೆ ಹಾಕಿದರು. ಅಲ್ಲಿ ಲಕ್ವದ ವಿಷಯದಲ್ಲಿ ನನಗೊಬ್ಬ ಪ್ರತಿಸ್ಪರ್ಧಿ ಇದ್ದ. ಹೆಸರು ಖಾಜಾಸಾಬ. ಪಾರಿವಾಳ ಮಾರುವವನು. ಕೈಕಾಲು ಬಿದ್ದವರಿಗೆ ಪಾರಿವಾಳದ ಬಿಸಿರಕ್ತ ಸವರಿದರೆ ನರ ಏಳುತ್ತದೆ ಎಂದು ಆ ಕಡೆ ಎಲ್ಲರ ನಂಬಿಕೆ. ಖಾಜಾಸಾಬ ತನ್ನ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದದ್ದು ದವಾಖಾನೆಯ ಗೇಟಿನ ಎದುರು ಬೇವಿನ ಗಿಡದ ಕೆಳಗೆ. ಲಕ್ವದ ರೋಗಿ ಮೊದಲು ಅವನ ಹತ್ತಿರ ಇಳಿದು, ರಕ್ತ ಸವರಿಸಿಕೊಂಡು, ಆಮೇಲೆ ಮೈಯೆಲ್ಲ ನೊಣ ಮುತ್ತಿಸಿಕೊಂಡು ನನ್ನ ಬಳಿ ಬರುತ್ತಿದ್ದ. ರೋಗಿ ಚೇತರಿಸಿಕೊಂಡರೆ ಪಾರಿವಾಳ, ಸತ್ತರೆ ಡಾಕ್ಟರು. ಈ ಹಂಚಿಕೆಯ ಬಗ್ಗೆ ನಮ್ಮಿಬ್ಬರಲ್ಲಿ ಜಗಳ ಇರಲಿಲ್ಲ. ಸಂಜೆ ನಾನು ಮನೆಗೆ ಹೊರಟಾಗ, "ಇವತ್ತ ನಿಮ್ಮ ಕಡೆ ಎಷ್ಟು ಮಂದಿರೀ ಸಾಹೇಬ್ರ?" ಎಂದು ವಿಚಾರಿಸುತ್ತಿದ್ದ.

ಅವನಲ್ಲೂ ರಾಯಚೂರಿನ ಸಾಹೇಬರಲ್ಲೂ ಒಂದು ಒಮ್ಮತವಿತ್ತು. ಲಕ್ವ ಎಂಬುದು ಮುದುಕರ ರೋಗ. ಹರೆಯದವರ ಕೈ ಬಿದ್ದರೆ ಖಾಜಾಸಾಬ ಗಾಳಿ ಎನ್ನುತ್ತಿದ್ದ, ಸಾಹೇಬರು ಹಿಸ್ಟೀರಿಯಾ ಎನ್ನುತ್ತಿದ್ದರು. ಖಾಜಾಸಾಬ ಅಂಥವರಿಗೆ ದರ್ಗಾದ ದಾರಿಯನ್ನಾದರೂ ತೋರಿಸುತ್ತಿದ್ದ.

ಹಾಗಿರುವಾಗ ಎಂಬತ್ತರ ದಶಕದ ನಡುವಿನಲ್ಲಿ ಗಿರಿಜೆಯ ಮದುವೆಯಾಯಿತು. ವರ ದೇವದುರ್ಗದ ಜವಳಿ ವ್ಯಾಪಾರಿ ಚನ್ನಪ್ಪ. ಅವರ ಅಂಗಡಿ, ಮನೆ ಎರಡೂ ದವಾಖಾನೆಯಿಂದ ಕೂಗಳತೆಯಲ್ಲಿ. ಸಿದ್ರಾಮಪ್ಪ ಬೀಗರ ಊರಿನ ಎಲ್ಲ ದೊಡ್ಡವರಿಗೂ ತಾವೇ ಬಂದು ಕಾರ್ಡು ಕೊಟ್ಟರು. ನಮ್ಮ ದವಾಖಾನೆಗೂ ಬಂದರು. ನನ್ನ ಸಹೋದ್ಯೋಗಿ ಡಾಕ್ಟರಿಗೆ ಕಾರ್ಡು. ಕಂಪೌಂಡರಿಗೆ ಕಾರ್ಡು. ನರ್ಸುಗಳಿಗೆ ಸೇರಿಸಿ ಒಂದು ಕಾರ್ಡು. ನನ್ನ ಬಾಗಿಲ ಮುಂದೆ ತಲೆ ತಗ್ಗಿಸಿಕೊಂಡು ನಡೆದುಹೋದರು.

ಅವರ ಮಗಳ ಎದೆಯ ಸದ್ದನ್ನು ಮೊದಲು ಕೇಳಿದವನು ನಾನು. ನನ್ನ ಮನೆಯಲ್ಲಿ ನೀರು ಕುಡಿದ ಮನುಷ್ಯ, ಬೀಗರ ಎದುರು ಪಂಕ್ತಿಯಲ್ಲಿ ನನ್ನನ್ನು ಕೂರಿಸಲು ಹಿಂಜರಿದ ಎಂದು ನನಗೆ ಅನ್ನಿಸಿತು. ಬಹಳ ಉರಿಯಿತು. ಮನೆಯಲ್ಲಿ ಹಾರಾಡಿದೆ.

ಸುಜಾತ ಶಾಲೆಯ ಮಾಸ್ತರಿಣಿ, ಯಾವುದಕ್ಕೂ ಬೇಗ ತೀರ್ಪು ಕೊಡುವವಳಲ್ಲ. "ಸಿಟ್ಟು ಜಾತಿ ಮ್ಯಾಲೋ, ಹೋಳಿಗಿ ತಪ್ಪಿದ್ದಕ್ಕೋ?" ಎಂದು ಕೇಳಿದಳು.

"ಎರಡೂ" ಎಂದೆ. ಅದು ನಿಜ.

ಆಮೇಲೆ ಐದಾರು ತಿಂಗಳು ಆ ಮನೆಯ ಮುಂದೆ ಹೋಗುವಾಗ ನಾನೂ ತಲೆ ತಗ್ಗಿಸಿಕೊಂಡು ಹೋದೆ. ಒಂದು ಸಂಜೆ ಖಾಜಾಸಾಬ ಗೇಟಿನ ಬಳಿ ನನ್ನನ್ನು ತಡೆದ. ಮುಖದಲ್ಲಿ ದೊಡ್ಡ ಗಿರಾಕಿ ಸಿಕ್ಕ ಹೆಮ್ಮೆ.

"ಸಾಹೇಬ್ರ, ಜವಳಿ ಅಂಗಡಿ ಮನಿಗೆ ಹಿತ್ತಲ ಬಾಗಿಲಿಂದ ಪಾರಿವಾಳ ತರಿಸ್ಕೊಂಡಾರ. ಯಾರ ಮುಂದೂ ಹೇಳಬ್ಯಾಡ ಅಂದಾರ."

ಉಳ್ಳಾಗಡ್ಡಿ ಹೆಚ್ಚುವಾಗಲೂ ಮುಖ ಸಿಂಡರಿಸುವ ಮನೆ ಅದು. ಆ ಮನೆಗೆ ಪಾರಿವಾಳದ ರಕ್ತ.

"ಯಾರಿಗೆ? ಮುದುಕಿಗೇನು?"

"ಸಣ್ಣ ಸೊಸಿಗ್ರಿ. ಬಲಗೈ ಜೋತು ಬಿದ್ದದಂತ. ಇಪ್ಪತ್ತು ಇಪ್ಪತ್ತೊಂದರ ಹುಡುಗಿ. ನಾನಂತೂ ಗಾಳಿ ಅಂದೆ."

ನಾನು ಮನೆಗೆ ಹೋಗಲಿಲ್ಲ. ಅಲ್ಲಿಂದಲೇ ತಿರುಗಿ ಜವಳಿ ಅಂಗಡಿಯ ಮನೆಗೆ ನಡೆದೆ. ಮದುವೆಗೆ ಕರೆಯದ ಮನೆಗೆ, ರೋಗಿಗೂ ಕರೆಯದ ಮನೆಗೆ.

ಬಾಗಿಲು ತೆಗೆದದ್ದು ಅತ್ತೆ ಶಿವಮ್ಮ. ಗಟ್ಟಿ ಹೆಂಗಸು, ಮನೆ ಅಂಗಡಿ ಎರಡನ್ನೂ ನೋಡುವಾಕೆ. ನನ್ನನ್ನು ಕಂಡು ಆಶ್ಚರ್ಯಪಟ್ಟರೂ ಒಳಗೆ ಕರೆದು ಕುರ್ಚಿ ಹಾಕಿಸಿದರು. ಏನಾಯಿತು ಎಂದು ಕೇಳಿದೆ. ಮುಚ್ಚಿಡಲು ನೋಡಿದರು, ನನ್ನ ಮುಖ ನೋಡಿ ಬಿಟ್ಟುಕೊಟ್ಟರು. ಮೂರು ದಿನದ ಹಿಂದೆ ಹುಡುಗಿಯ ಕೈಯಿಂದ ತಾಟು ಬಿತ್ತಂತೆ. ಕೈಯಲ್ಲಿ ಶಕ್ತಿ ಇಲ್ಲ. ನನ್ನ ಸಹೋದ್ಯೋಗಿಯನ್ನು ಮನೆಗೇ ಕರೆಸಿ ತೋರಿಸಿದ್ದರಂತೆ, 'ನಮ್ಮ ಪೈಕಿ' ಡಾಕ್ಟರು ಎಂದು. ಅವರು ಮರ್ಯಾದೆಯಿಂದ ಸೀರೆಯ ಸೆರಗಿನ ಮೇಲೆ ಸ್ಟೆಥಾಸ್ಕೋಪು ಇಟ್ಟು, ನಿಶ್ಶಕ್ತಿ ಎಂದು ಹೇಳಿ, ಬಿ ಕಾಂಪ್ಲೆಕ್ಸ್ ಬರೆದುಕೊಟ್ಟಿದ್ದರು.

"ಮಾತು ಸರಿ ಆಡತಾಳೇನ್ರೆವ್ವಾ?"

"ಮಾತೇನ್ರಿ, ನಮ್ಮ ಸೊಸಿ ಬಂಗಾರದಂಥಾಕಿ. ಹಿರೇರ ಮುಂದ ಬಾಯಿ ಬಿಚ್ಚಂಗಿಲ್ಲ" ಎಂದರು ಶಿವಮ್ಮ. "ಯುಗಾದಿ ಮುಂದ ಒಂದು ದಿನ ಇಡೀ ಒಂದು ಮಾತು ಆಡಲಿಲ್ಲ ನೋಡ್ರಿ. ಓಣಿ ಮಂದೆಲ್ಲಾ ಹೊಗಳಿದ್ರು. ಈಗಂತೂ ಮೂರು ದಿನದಿಂದ ಪೂರಾ ಮೌನ."

ಯುಗಾದಿಯ ಮುಂದಿನ ಆ ದಿನ ಹುಡುಗಿಯ ಮಾತು ಹೋಗಿತ್ತು. ಮಿದುಳಿಗೆ ರಕ್ತ ನಿಂತು, ಹೇಗೋ ಮತ್ತೆ ಹರಿದು, ಮರುದಿನಕ್ಕೆ ಮಾತು ಬಂದಿತ್ತು. ದೊಡ್ಡ ಅಪಾಯಕ್ಕೆ ಮೊದಲು ದೇಹ ಕೊಡುವ ಮುನ್ಸೂಚನೆ ಅದು. ಬೇರೆ ಯಾವ ಮನೆಯಲ್ಲಾದರೂ ಜನ ಗಾಬರಿ ಬೀಳುತ್ತಿದ್ದರು. ಇಲ್ಲಿ ಓಣಿಯ ಹೆಂಗಸರು ಬಂದು ನೋಡಿ ಇಂಥ ಸೊಸೆ ನಮಗೂ ಸಿಗಲಿ ಎಂದು ಹೋಗಿದ್ದರು.

ಗಿರಿಜೆಯನ್ನು ಕರೆಸಿದರು. ತಲೆಯ ಮೇಲಿಂದ ಗಲ್ಲದವರೆಗೆ ಸೆರಗು. ಕುತ್ತಿಗೆ ಮುಚ್ಚುವ ಕುಪ್ಪಸ. ಎದೆಯ ನಡುವೆ ಸರಿಯಾಗಿ ಕೂತ ಕರಡಿಗೆ. ಗಾಯ ಮುಚ್ಚುವಂತೆ ಅವಳ ತಾಯಿ ಶಿವದಾರವನ್ನು ಅಳತೆ ನೋಡಿಯೇ ಕಟ್ಟಿಸಿರಬೇಕು. ನನ್ನನ್ನು ಗುರುತು ಹಿಡಿದಳು. ಕಣ್ಣಲ್ಲಿ ಭಯ ಕಂಡಿತು.

"ತಂಗಿ, ನಿನ್ನ ಹೆಸರು ಹೇಳು."

ಅತ್ತೆಯ ಕಡೆ ನೋಡಿದಳು. "ಹೇಳವ್ವಾ, ಡಾಕ್ಟರು ಕೇಳಾಕತ್ತಾರ" ಎಂದರು ಶಿವಮ್ಮ. ಹುಡುಗಿ ಬಾಯಿ ತೆರೆದಳು. ತುಟಿ ಅಲ್ಲಾಡಿತು. ಬಹಳ ಹೊತ್ತಿಗೆ ಒಂದು ಮಾತು ಬಂತು.

"ಉಪ್ಪು."

ತಾನು ಹೇಳಬೇಕೆಂದದ್ದು ಅದಲ್ಲ ಎಂದು ಅವಳಿಗೇ ಗೊತ್ತಾಗಿ ಕಣ್ಣೀರು ಇಳಿಯಿತು. ಶಿವಮ್ಮ ಗೋಡೆ ಹಿಡಿದು ಕೆಳಗೆ ಕುಳಿತರು. ನಾನು ಆ ಹುಡುಗಿಯ ಮಣಿಕಟ್ಟು ಹಿಡಿದೆ. ನಾಡಿ ಎರಡು ಸಲ ಓಡಿ, ಒಂದು ಸಲ ನಿಂತು, ಮತ್ತೆ ಎಡವಿ ಓಡುತ್ತಿತ್ತು. ಎದೆ ನೋಡುವ ಅಗತ್ಯವೇ ಬೀಳಲಿಲ್ಲ. ಹೆಪ್ಪಿನ ಒಂದು ಚೂರು ಹಾರಿದೆ, ಒಳಗೆ ಇನ್ನೂ ಇರಬಹುದು, ಮುಂದಿನದು ಹಾರಿದರೆ ಹುಡುಗಿ ಉಳಿಯದಿರಬಹುದು. ಈಗಲೇ ರಾಯಚೂರಿಗೆ ನಡೆಯಿರಿ ಎಂದೆ. ಹಳೆಯ ಆಪರೇಷನ್ನಿನ ಮಾತು ಎತ್ತಲಿಲ್ಲ. ನನ್ನ ಬಾಯಿಂದ ಅದು ಬಿದ್ದರೆ ಹುಡುಗಿ ಬದುಕಿದರೂ ಆ ಮನೆಯಲ್ಲಿ ಉಳಿಯುವುದು ಕಷ್ಟ ಎಂದು ತಿಳಿಯದಷ್ಟು ಹೊಸಬನಾಗಿರಲಿಲ್ಲ.

ಚನ್ನಪ್ಪ ಅಂಗಡಿಯಿಂದ ಓಡಿಬಂದ. ತೆಳ್ಳಗಿನ, ಮಾತು ಕಡಿಮೆಯ ಹುಡುಗ. ಬಾಡಿಗೆ ಜೀಪು ಮಾಡಿಕೊಂಡು ಶಿವಮ್ಮನ ಸಮೇತ ಹೋದೆವು. ಮಾನ್ವಿಗೆ ಸುದ್ದಿ ಮುಟ್ಟಿಸಿದ್ದರಿಂದ ಸಿದ್ರಾಮಪ್ಪ ನಮಗಿಂತ ಮೊದಲೇ ಬಂದು ದವಾಖಾನೆಯ ವರಾಂಡದಲ್ಲಿ ನಿಂತಿದ್ದರು.

ಸಾಹೇಬರು ನೋಡಿದರು. ನೋಡಿದರು ಎಂದರೆ ಹುಡುಗಿಯ ಸೆರಗನ್ನು, ಕರಡಿಗೆಯನ್ನು, ಮನೆತನವನ್ನು ನೋಡಿದರು. ಸೀರೆಯ ಮೇಲಿಂದ ಎರಡು ಕಡೆ ಸ್ಟೆಥಾಸ್ಕೋಪು ಒತ್ತಿ ತೆಗೆದರು. ಹತ್ತು ಹನ್ನೆರಡು ವರ್ಷದ ಹಿಂದೆ ತಾವೇ ಮದ್ರಾಸಿಗೆ ಬರೆದುಕೊಟ್ಟ ಮಗು ಇವಳೇ ಎಂದು ಅವರಿಗೆ ಗುರುತು ಹತ್ತಲಿಲ್ಲ.

"ಹೊಸಾ ಸೊಸಿ. ಮಾತು ನಿಂತದ, ಕೈ ನಿಂತದ. ಅತ್ತಿ ಮನಿ ಹೊಂದಿಲ್ಲ. ಹಿಸ್ಟೀರಿಯಾ ಅದರೀ. ಎರಡು ದಿನ ತವರಮನಿಗೆ ಕಳಸ್ರಿ, ಸರಿ ಹೋಗ್ತದ."

"ನಾಡಿ ನೋಡ್ರಿ ಸರ್, ಲಯ ತಪ್ಯಾದ. ಇಸಿಜಿ ತೆಗೀಬೇಕು" ಎಂದೆ.

ಆ ದವಾಖಾನೆಗೆ ಇಸಿಜಿ ಯಂತ್ರ ಬಂದು ಬಹಳ ವರ್ಷವೇ ಆಗಿತ್ತು. ಅದನ್ನು ಬೀಗ ಹಾಕಿದ ಕೋಣೆಯಲ್ಲಿ, ಕಸೂತಿ ಹಾಕಿದ ಬಟ್ಟೆ ಹೊದಿಸಿ ಇಟ್ಟಿದ್ದರು. ಕಾಗದದ ಸುರುಳಿ ಕಡಿಮೆ ಇದ್ದುದರಿಂದ ಹೃದಯದ ರೋಗ ಖಾತ್ರಿ ಇರುವವರಿಗೆ ಮಾತ್ರ ತೆಗೆಯಬೇಕು ಎಂಬುದು ಸಾಹೇಬರ ನಿಯಮ. ಖಾತ್ರಿ ಮಾಡಿಕೊಳ್ಳಲು ಇಸಿಜಿ ಬೇಕಲ್ಲ ಎಂದು ಅವರನ್ನು ಕೇಳಿದವರು ಬೇರೆ ಊರಿಗೆ ವರ್ಗವಾಗುತ್ತಿದ್ದರು.

"ಇಪ್ಪತ್ತು ವರ್ಷದ ಹುಡುಗಿಗೆ ಹೃದಯದ ರೋಗ ಯಾಕ ಬರ್ತದ್ರಿ? ಕಾರಣ ಹೇಳ್ರಿ" ಎಂದರು.

ಕಾರಣ ನನ್ನ ನಾಲಗೆಯ ತುದಿಯಲ್ಲಿತ್ತು. ಸಿದ್ರಾಮಪ್ಪ ಅದನ್ನು ಕಂಡವರಂತೆ ನನ್ನ ತೋಳು ಹಿಡಿದು ವರಾಂಡಕ್ಕೆ ಎಳೆದುಕೊಂಡು ಹೋದರು. ನನ್ನನ್ನು ಅವರು ಮುಟ್ಟಿದ್ದು ಅದೇ ಮೊದಲು.

"ಹೇಳಬ್ಯಾಡ್ರಿ ಡಾಕ್ಟರ್ರ, ನಿಮ್ಮ ಕಾಲು ಬೀಳತೀನಿ. ಸಣ್ಣಾಕಿದ್ದಾಗ ಗಂಜಿ ಚೆಲ್ಲಿ ಸುಟ್ಟಿತ್ತು ಅಂತ ಹೇಳೀವಿ. ಎದಿ ಸೀಳಿದ ಹುಡುಗೀನ ಕೊಟ್ರು ಅಂತ ಗೊತ್ತಾದ್ರ ಇವತ್ತs ತಂದು ನಮ್ಮ ಬಾಗಿಲಾಗ ಬಿಡತಾರ. ಜೀವಾ ಕೊಟ್ಟೋರು ನೀವು, ನೀವs ಆಕಿ ಮನಿ ಮುರೀಬ್ಯಾಡ್ರಿ."

"ಹೇಳದಿದ್ರ ಆಕಿ ಉಳಿಯಂಗಿಲ್ರಿ."

ಅವರು ಅಳತೊಡಗಿದರು. ಅಳುತ್ತಲೇ ಹೇಳಿದರು: "ಅದಕ್ಕs ನಿಮ್ಮನ್ನ ಲಗ್ನಕ್ಕ ಕರೀಲಿಲ್ರಿ. ಊಟಕ್ಕ ಕುಂತಾಗ ಯಾರರ ಈ ಹುಡುಗಿ ನಿಮಗ ಹೆಂಗ ಗೊತ್ತು ಅಂತ ಕೇಳತಿದ್ರು. ನೀವು ಸುಳ್ಳು ಹೇಳೋ ಪೈಕಿ ಅಲ್ಲ."

ನಾನು ಇಷ್ಟು ತಿಂಗಳು ಉರಿದದ್ದು ಒಂದು ಸರ್ಟಿಫಿಕೇಟಿಗೆ. ಜಾತಿಯ ಅವಮಾನ ಎಂದುಕೊಂಡದ್ದು ನನ್ನ ಸತ್ಯವಂತಿಕೆಗೆ ಸಂದ ಗೌರವವಂತೆ. ಆಮೇಲೆ ಯೋಚಿಸಿದಾಗ ಎರಡೂ ಕಾರಣ ಇದ್ದಿರಬಹುದು ಎನ್ನಿಸಿತು. ಒಂದು ಕೆಲಸಕ್ಕೆ ಒಂದೇ ಕಾರಣ ಇರುವ ಮನುಷ್ಯರನ್ನು ನಾನು ಸರ್ವಿಸಿನಲ್ಲಿ ಕಾಣಲಿಲ್ಲ.

"ಬರ್ರಿ" ಎಂದು ಅವರ ಕೈ ಬಿಡಿಸಿಕೊಂಡು ಒಳಗೆ ಹೋದೆ. ಹೇಳುವುದೆಂದು ನಿರ್ಧರಿಸಿದ್ದೆ. ಆದರೆ ನಾನು ಬಾಯಿ ತೆರೆಯುವ ಮೊದಲೇ ಇನ್ನೊಬ್ಬ ಮಾತಾಡಿದ.

"ಸಾಹೇಬ್ರ, ನನ್ನ ಹೆಂಡ್ತಿ ಎದಿ ಹೊಲದಾರ್ರಿ" ಎಂದ ಚನ್ನಪ್ಪ.

ಶಿವಮ್ಮ ಮಗನ ಮುಖ ನೋಡಿದರು.

"ಏನಂದಿ? ಗಂಜಿ ಸುಟ್ಟ ಗಾಯಾ ಅದು."

"ಸುಟ್ಟ ಗಾಯಾ ಅಷ್ಟು ನೆಟ್ಟಗ ಇರತದೇನವ್ವಾ?" ಎಂದ ಚನ್ನಪ್ಪ. ದನಿ ಏರಿಸಲಿಲ್ಲ. "ಹುಟ್ಟಿದಾಗಿಂದ ಅರಿವಿ ನಡುವs ಬೆಳದೀನಿ. ನಡುವ ಗೆರಿ, ಆ ಕಡಿಗೆ ಈ ಕಡಿಗೆ ಸೂಜಿ ಹಾಕಿದ ಚುಕ್ಕಿ. ಹೊಲಿಗಿ ನನಗ ಗೊತ್ತಾಗಂಗಿಲ್ಲೇನು? ಲಗ್ನ ಆದ ದಿನಾನs ಗೊತ್ತಾತು."

"ಮತ್ತ ಯಾಕ ಕೇಳಲಿಲ್ಲೋ?"

"ಕೇಳಿದ್ರ ಆಕಿ ಅಳತಾಳ ಅಂತ ಸುಮ್ಮನಿದ್ದೆ."

ಒಬ್ಬೊಬ್ಬರನ್ನೇ ನೋಡಿದೆ. ತಂದೆಗೆ ಗೊತ್ತಿತ್ತು, ಮಗಳ ಮನೆ ಮುರಿಯಬಾರದೆಂದು ಮುಚ್ಚಿಟ್ಟಿದ್ದರು. ಗಂಡನಿಗೆ ಗೊತ್ತಿತ್ತು, ಹೆಂಡತಿಗೆ ನೋವಾಗಬಾರದೆಂದು ಮುಚ್ಚಿಟ್ಟಿದ್ದ. ಹುಡುಗಿಗೆ ಗೊತ್ತಿತ್ತು, ತವರಿನ ಮಾನ ಹೋಗಬಾರದೆಂದು ಮುಚ್ಚಿಟ್ಟಿದ್ದಳು. ಎಲ್ಲರೂ ಒಬ್ಬರನ್ನೊಬ್ಬರು ನೋಯಿಸದೆ, ಬಹಳ ಅಕ್ಕರೆಯಿಂದ, ಆ ಹುಡುಗಿಯನ್ನು ಸಾವಿನ ಬಾಗಿಲವರೆಗೆ ಕರೆತಂದಿದ್ದರು. ಗೊತ್ತಿಲ್ಲದೆ ಇದ್ದವರು ಅತ್ತೆ, ಮತ್ತೆ ಗೊತ್ತಿರಬೇಕಾದ ಇಬ್ಬರು ಡಾಕ್ಟರುಗಳು.

ಸಾಹೇಬರು ಎದ್ದರು. ಅವರ ಪರವಾಗಿ ಒಂದು ಮಾತು ಹೇಳಲೇಬೇಕು: ತಪ್ಪು ತಿಳಿದ ಮೇಲೆ ಅದನ್ನು ಹಿಡಿದುಕೊಂಡು ಕೂರುವ ಮನುಷ್ಯ ಆಗಿರಲಿಲ್ಲ. ನರ್ಸನ್ನು ಕರೆದು, ಗಂಡಸರನ್ನು ಹೊರಗೆ ಕಳಿಸಿ, ಸೆರಗು ಸರಿಸಿ, ಗಿರಿಜೆಯ ಕೈಗೇ ಕರಡಿಗೆ ಕೊಟ್ಟು ಹಿಡಿದುಕೊಳ್ಳಲು ಹೇಳಿ, ಎದೆ ನೋಡಿದರು. ಹೊರಗೆ ಬಂದು, "ಕೀಲಿ ತೊಗೊಂಬರ್ರಿ" ಎಂದರು. ಕಸೂತಿಯ ಬಟ್ಟೆ ಸರಿಯಿತು. ಸುರುಳಿಯ ಮೇಲೆ ಬಂದ ಗೆರೆ ನನ್ನ ಬೆರಳಿನ ಕೆಳಗೆ ಎಡವಿದ ನಾಡಿಯ ಹಾಗೆಯೇ ಎಡವಿತ್ತು. ಮರುದಿನ ರೈಲಿನಲ್ಲಿ ಹೈದರಾಬಾದಿಗೆ ಕಳಿಸಿದರು. ಬೋಗಿ ಹತ್ತಿಸಲು ಸಾಹೇಬರೇ ಸ್ಟೇಷನ್ನಿಗೆ ಬಂದಿದ್ದರು.

ಗಿರಿಜೆ ಉಳಿದಳು. ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ಶುರುವಾಯಿತು. ಅದರ ಪ್ರಮಾಣ ನೋಡಲು ಆಗಾಗ ರಕ್ತ ಪರೀಕ್ಷೆ, ಅದು ನಮ್ಮಲ್ಲಿ ಆಗುತ್ತಿರಲಿಲ್ಲ, ಹೈದರಾಬಾದಿಗೇ ಹೋಗಬೇಕು. ಚನ್ನಪ್ಪ ಅಂಗಡಿಯ ಖರೀದಿಯನ್ನು ಅದಕ್ಕೆ ಹೊಂದಿಸಿಕೊಂಡ. ದೇವದುರ್ಗದವರು ಹೊಸ ಹೊಸ ನಮೂನೆಯ ಹೈದರಾಬಾದಿ ಸೀರೆ ಉಟ್ಟದ್ದು ಆ ರಕ್ತ ಪರೀಕ್ಷೆಯ ಪುಣ್ಯದಿಂದ. ಆ ಗುಳಿಗೆ ನುಂಗುವಾಗ ಬಸಿರಾಗುವುದು ಅಪಾಯ ಎಂದು ಡಾಕ್ಟರುಗಳು ಹೇಳಿದ್ದರು. ಶಿವಮ್ಮ ಅದನ್ನು ಕೇಳಿ ಆ ದಿನ ಅಂಗಡಿಯ ಕಡೆ ಹೋಗಲಿಲ್ಲವಂತೆ. ಮಾರನೆಯ ದಿನ, "ದೊಡ್ಡವನ ಮಕ್ಕಳು ಅದಾವ, ಸಾಕು" ಎಂದರಂತೆ.

ತವರಿಗೆ ಕಳಿಸುವ ಮಾತು ಬರಲೇ ಇಲ್ಲ. ಬೀಗರ ನಡುವೆ ಜಗಳವಾಯಿತು, ಒಳ್ಳೆಯ ಜಗಳ, ಇಡೀ ಓಣಿಗೆ ಕೇಳುವಂಥದ್ದು. ಸಿದ್ರಾಮಪ್ಪ ತಲೆ ತಗ್ಗಿಸಿ ನಿಂತು ಎಲ್ಲ ಕೇಳಿಸಿಕೊಂಡರು. ಶಿವಮ್ಮನ ಸಿಟ್ಟು ಆಪರೇಷನ್ನಿನ ಮೇಲಲ್ಲ, ಮುಚ್ಚಿಟ್ಟದ್ದರ ಮೇಲೆ. "ನನ್ನ ಮುಂದ ಹೇಳಿದ್ರ ಯುಗಾದಿ ಮುಂದನs ದವಾಖಾನಿಗೆ ಒಯ್ತಿದ್ದೆ" ಎಂದು ಅವರು ಕೂಗಿದ್ದು ನನಗೆ ದವಾಖಾನೆಯವರೆಗೆ ಕೇಳಿತು. ಆ ಮಾತಿನಲ್ಲಿ ಅವರಿಗೆ ತಮ್ಮ ಮೇಲೂ ಸಿಟ್ಟಿತ್ತು.

ಗಿರಿಜೆಗೆ ಮಾತು ಕಲಿಸುವುದು ಉಳಿದಿತ್ತು. ಈಗ ಅದಕ್ಕೆ ಬೇರೆ ತರಬೇತಿಯವರಿದ್ದಾರೆ. ಆಗ ನಮ್ಮಲ್ಲಿ ಆ ಹೆಸರೇ ಕೇಳಿರಲಿಲ್ಲ. ಹೈದರಾಬಾದಿನವರು ದಿನಾ ಮಾತಾಡಿಸಿ, ತಪ್ಪಾದರೂ ಆಡಲಿ ಎಂದು ಹೇಳಿ ಕಳಿಸಿದ್ದರು. ಆ ಕೆಲಸ ಶಿವಮ್ಮನ ಪಾಲಿಗೆ ಬಂತು. ಪಡಸಾಲೆಯಲ್ಲಿ ಸೊಸೆಯನ್ನು ಎದುರು ಕೂರಿಸಿಕೊಂಡು, ಒಂದೊಂದು ಸಾಮಾನು ಎತ್ತಿ ಹಿಡಿದು ಕೇಳುತ್ತಿದ್ದರು.

"ಇದೇನು?"

"ಚಮ... ಚಮಚಿ."

"ಇದು?"

"ಕೊ... ಉಪ್ಪು."

"ಉಪ್ಪಲ್ಲ. ಹೇಳು. ಬಾಯಿ ಬಿಡು, ಜೋರಾಗಿ ಹೇಳು. ಯಾರಿಗೆ ಅಂಜತಿ?"

ಹೊಗಳಿ ಹೋಗಿದ್ದ ಹೆಂಗಸರು ಮತ್ತೆ ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಸೊಸೆ ಅತ್ತೆಯ ಎದುರು ಬಾಯಿ ಬಿಡುತ್ತಿಲ್ಲ ಎಂದು ಅತ್ತೆ ಬೈಯುವುದನ್ನು ಅವರು ಆವರೆಗೆ ಕಂಡಿರಲಿಲ್ಲ.

ಒಂದೆರಡು ವರ್ಷದ ನಂತರ ಜವಳಿ ಅಂಗಡಿಯ ಮೇಲೆ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡರು. ಕಾರ್ಡು ಕೊಡಲು ಶಿವಮ್ಮನೇ ಬಂದರು, ಸುಜಾತಳಿಗೆ ಕುಂಕುಮ ಹಚ್ಚಿ ಕರೆದರು. ಹೋದೆವು. ಪಂಕ್ತಿಯಲ್ಲಿ ಕೂರಿಸಿದರು. ನನ್ನ ಬಲಗಡೆಯ ಎಲೆ ಸ್ವಲ್ಪ ಹೊತ್ತು ಖಾಲಿ ಉಳಿದಿತ್ತು. ಆಮೇಲೆ ಚನ್ನಪ್ಪ ಬಂದು ಅಲ್ಲಿ ಕುಳಿತ. ಎದುರು ಸಾಲಿನಲ್ಲಿ ಸಿದ್ರಾಮಪ್ಪ ಇದ್ದರು, ನನ್ನನ್ನು ನೋಡಿ ಕೈಮುಗಿದರು.

ಗಿರಿಜೆ ಹೋಳಿಗೆ ಬಡಿಸಿಕೊಂಡು ಬಂದಳು. ಬಲಗೈ ಅಷ್ಟು ಬಿಗಿ ಬಂದಿರಲಿಲ್ಲ, ಕೆಳಗೆ ಎಡಗೈ ಆಸರೆ ಕೊಟ್ಟಿದ್ದಳು. ಮಾನ್ವಿ ಕಡೆಯ ಹಿರಿಯರೊಬ್ಬರು ಅದನ್ನು ನೋಡುತ್ತಿದ್ದವರು, ಸಿದ್ರಾಮಪ್ಪ ವರ್ಷಗಟ್ಟಲೆ ಹೆದರಿದ್ದಂಥದೇ ಪ್ರಶ್ನೆಯನ್ನು ನನಗೆ ಕೇಳಿದರು.

"ಏನ್ರಿ ಡಾಕ್ಟರ್ರ, ಈ ಹುಡುಗಿಗೆ ಆವಾಗ ಏನಾಗಿತ್ರಿ?"

ಸಿದ್ರಾಮಪ್ಪನ ತುತ್ತು ಕೈಯಲ್ಲೇ ನಿಂತಿತು. ನಾನು ಬಾಯಿ ತೆರೆದೆ.

"ಯಪ್ಪಾ, ನಾ ಹೇಳತೀನಿ" ಎಂದಳು ಗಿರಿಜೆ.

ಪಂಕ್ತಿಯೆಲ್ಲ ತಲೆ ಎತ್ತಿತು. ಅವಳು ಹೋಳಿಗೆಯ ತಟ್ಟೆಯನ್ನು ಕೆಳಗಿಟ್ಟು, ಒಂದೊಂದು ಮಾತನ್ನೂ ಹುಡುಕಿ ತಂದು ಇಟ್ಟಳು. "ನಾ ಸಣ್ಣಾಕಿದ್ದಾಗ... ನನ್ನ ಎದಿ... ಹೊಲದಾರ್ರಿ. ಹೊಲದ ಮ್ಯಾಲೂ... ತೋರಸ್ಕೋಂತ ಇರಬೇಕು. ತೋರಸಲಿಲ್ಲ. ಲಕ್ವಾ... ಹೊಡೀತು." ಅಲ್ಲಿಗೆ ನಿಂತಳು. ಮುಂದಿನ ಮಾತು ಸಿಗಲಿಲ್ಲ.

ಅಡುಗೆಮನೆಯ ಬಾಗಿಲಿಂದ ಶಿವಮ್ಮನ ದನಿ ಬಂತು. "ನಿಂದ್ರಬ್ಯಾಡ, ಹೇಳು. ಅವಸರ ಇಲ್ಲ, ಎಲ್ಲಾರೂ ಕೇಳತಾರ."

ಎಲ್ಲರೂ ಕೈಯಲ್ಲಿ ತುತ್ತು ಹಿಡಿದು ಕಾದರು. ನಾನು ಹೇಳುವುದು ಏನೂ ಉಳಿದಿರಲಿಲ್ಲ. ಹೋಳಿಗೆ ಬಿಸಿಯಾಗಿತ್ತು, ತುಪ್ಪ ಹಾಕಿಸಿಕೊಂಡು ಊಟ ಮಾಡಿದೆ.